ಹಸಿರು ಗೆರೆ ಯಾರದು?

ಫೆಬ್ರವರಿ 11

ಅಣ್ಣಾ,

ಹೇಳದೆ ಬಂದುಬಿಟ್ಟೆ ಅಂತ ನಿನಗೆ ಸಿಟ್ಟು ಬಂದಿರುತ್ತದೆ. ಬರಲಿ. ಹೇಳಿ ಹೊರಡುವ ಮುಖ ನನಗಿರಲಿಲ್ಲ. ಅತ್ತಿಗೆಗೆ ಮಾತ್ರ ಅಡುಗೆಮನೆ ಬಾಗಿಲಲ್ಲಿ ನಿಂತು "ಬರ್ತೀನಿ" ಅಂದೆ. ಅಂಗಡಿಗೆ ಹೊರಟಿದ್ದೇನೆ ಅಂದುಕೊಂಡು ಅವರು "ಬರುವಾಗ ಸೋಪು ತಾ" ಅಂದರು. ಸೋಪು ತರಲು ಹೋದವಳು ಮೂರು ವಾರವಾದರೂ ಬಂದಿಲ್ಲ ಅಂತ ಅವರು ಬೈಯುತ್ತಿದ್ದರೆ ಬೈಯಲಿ ಬಿಡು.

ಇಲ್ಲಿ ಗುಂಡಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಅಂಗಿಗೆ ಹಾಕುವ ಗುಂಡಿ. ಒಂದು ರಟ್ಟಿಗೆ ಹನ್ನೆರಡು ಹೊಲಿದು ಪಕ್ಕಕ್ಕಿಡಬೇಕು. ತಪ್ಪಿದರೆ ಹನ್ನೊಂದಾಗುತ್ತದೆ ಅಷ್ಟೆ, ಯಾರ ಎಂಜಿನ್ನೂ ಸುಡುವುದಿಲ್ಲ. ನನಗೆ ತಕ್ಕ ಕೆಲಸ.

ಆದರೆ ಕೈ ಹೊಲಿಯುತ್ತಿದ್ದರೂ ತಲೆ ಅಲ್ಲೇ ಇರುತ್ತದೆ. ದಿನಾ ಆ ಶುಕ್ರವಾರವನ್ನು ಮೊದಲಿನಿಂದ ನೆನೆಸಿಕೊಳ್ಳುತ್ತೇನೆ. ನೀನೂ ಕೇಳು, ಎಲ್ಲಿ ತಪ್ಪಿದೆ ಅಂತ ಹೇಳು.

ನಮ್ಮ ರಿಪೇರಿ ಶೆಡ್ಡಿಗೆ ಬಂದದ್ದು ಭೂಗೋಳದ ಮೇಡಂ ಅವರ ಮನೆಗಾಡಿ. ಹಿಂದೆ ಮಂಚ, ಒಲೆ, ಸಿಂಕು, ಕಿಟಕಿಗೆ ಹೂವಿನ ಪರದೆ. ಮುಂದೆ ನಲವತ್ತು ವರ್ಷದ ಪೆಟ್ರೋಲ್ ಎಂಜಿನ್. ಮಧ್ಯಾಹ್ನ ಎಂಜಿನ್ ಬಿಸಿಯಾಗುವ ತನಕ ಕಾದೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮ್ ಹೋಸ್ ಕಿತ್ತು, ಗಾಳಿ ಎಳೆಯದ ಹಾಗೆ ಅದರ ಬಾಯಿಗೆ ನನ್ನ ಕೆಂಪು ಪೆನ್ಸಿಲ್ ತುಂಡು ಸಿಕ್ಕಿಸಿದೆ. ಪುಲ್ಲಿಯ ಗೀರಿಗೆ ಸೀಮೆಸುಣ್ಣ ಹಚ್ಚಿದೆ. ಕಿಡಿ ಹಾರುವ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದು, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ, ಗೀರು ಎಂಟು ಡಿಗ್ರಿಗೆ ಬಂದು ನಿಂತಾಗ ಬೋಲ್ಟ್ ಬಿಗಿ ಮಾಡಿದೆ. ಪೆನ್ಸಿಲ್ ತೆಗೆದು ಹೋಸನ್ನು ಮತ್ತೆ ಸಿಕ್ಕಿಸಿದೆ. ವೇಗ ಕೊಟ್ಟಾಗ ಕಿಡಿ ತಾನಾಗಿ ಮುಂದಕ್ಕೆ ಸರಿಯುವುದನ್ನೂ ನೋಡಿದೆ. ನೀನು ಬಾಗಿಲಲ್ಲಿ ನಿಂತು "ಲೈಟು ಕಿವುಡರಿಗೆ ಕಣೇ, ನಮಗೆ ಕಿವಿ ಇದೆ" ಅಂತ ರೇಗಿಸಿದೆ. ವೆಲ್ಡರ್ ನಕ್ಕ. ಇಷ್ಟೂ ನೆನಪಿದೆ.

ಆಮೇಲೆ ನಮ್ಮ ಶೆಡ್ಡಿನ ಪದ್ಧತಿಯಂತೆ ಡಿಸ್ಟ್ರಿಬ್ಯೂಟರಿನ ಮೈಯಿಂದ ಎಂಜಿನ್ನಿನ ಮೈಗೆ ಬಣ್ಣದ ಗೆರೆ ಎಳೆದೆ. ನಿನ್ನದು ಹಳದಿ, ನನ್ನದು ಹಸಿರು. ಆಮೇಲೆ ಯಾರಾದರೂ ತಿರುಗಿಸಿದರೆ ಗೆರೆ ತುಂಡಾಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ ಅಂತ ಈ ಪದ್ಧತಿ ಶುರು ಮಾಡಿದವನು ನೀನೇ.

ಶನಿವಾರ ನಾನು ಬಿಡಿಭಾಗ ತರಲು ಹೋಗಿದ್ದೆ. ಸೋಮವಾರ ಬೆಳಿಗ್ಗೆ ಮೇಡಂ ಹೊರಟರು. ಬುಧವಾರ ಏರು ಹತ್ತುವಾಗ ಪಿಸ್ಟನ್ ತೂತು. ಗಾಡಿಯನ್ನು ಎಳೆದು ತಂದ ದಿನ ಎಲ್ಲರೂ ಸುತ್ತ ನಿಂತಿದ್ದರು. ನೀನು ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಎಂಟಿರಬೇಕಾದ್ದು ಇಪ್ಪತ್ತರ ಹತ್ತಿರ ಇತ್ತು. ಕಿಡಿ ಅಷ್ಟು ಮುಂಚೆ ಹಾರಿದರೆ ಮೇಲೆ ಬರುತ್ತಿರುವ ಪಿಸ್ಟನ್ನಿಗೆ ತಲೆ ಮೇಲೇ ಏಟು, ಎಷ್ಟು ದಿನ ತಡೆದೀತು! ಗೆರೆ ಮಾತ್ರ ಎಲ್ಲೂ ತುಂಡಾಗಿರಲಿಲ್ಲ. ನೀನು ತಲೆ ಎತ್ತದೆ "ಹಸಿರು ಗೆರೆ ಯಾರದು?" ಅಂತ ಕೇಳಿದೆ. "ನಂದು" ಅಂದೆ.

ಪುಲ್ಲಿಯಲ್ಲಿ ಎರಡು ಗೀರಿದ್ದವು. ತಪ್ಪು ಗೀರಿಗೆ ಸುಣ್ಣ ಹಚ್ಚಿರಬೇಕು. ಬೇರೆ ದಾರಿಯೇ ಕಾಣುವುದಿಲ್ಲ. ಮೇಡಂ ಮೂವತ್ತು ವರ್ಷ ನಕ್ಷೆ ತೋರಿಸಿ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಮೊದಲ ಸಲ ಊರು ನೋಡಲು ಹೊರಟಿದ್ದರು. ಅವರನ್ನು ಮೂರನೇ ದಿನಕ್ಕೆ ರಸ್ತೆ ಬದಿ ಕೂರಿಸಿದೆ. ನಿನ್ನ ಶೆಡ್ಡಿನ ಹೆಸರು ಕೆಡಿಸಿದೆ. ನಾಚಿಕೆಯಿಂದ ಅನ್ನ ಇಳಿಯುವುದಿಲ್ಲ ಅಣ್ಣಾ.

ನಿನ್ನ
ತಂಗಿ


ಮಾರ್ಚ್ 2

ಪುಟ್ಟೀ,

ಸಿಟ್ಟಿಲ್ಲ. ಆಗಿದ್ದು ಆಗಿಹೋಯಿತು, ಮರೆತುಬಿಡು. ಪದೇಪದೇ ಅದನ್ನೇ ಕೆದಕಬೇಡ. ನನಗೂ ಚಿಕ್ಕಂದಿನಲ್ಲಿ ಎಷ್ಟೋ ತಪ್ಪಾಗಿದೆ. ಈಗೊಂದು ಎರಡು ವರ್ಷದಿಂದ ಹಳದಿ ಗೆರೆಯ ಒಂದು ಗಾಡಿಯೂ ದೂರು ಹೊತ್ತು ವಾಪಸ್ ಬಂದಿಲ್ಲ ಅನ್ನುವುದು ಬೇರೆ ಮಾತು. ಅನುಭವ ಬರಲು ಕಾಲ ಬೇಕು.

ಇಲ್ಲಿಯ ತಮಾಷೆ ಕೇಳು. ಮನೆಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿದ್ದೇನೆ. ಪಿಸ್ಟನ್ ಎಲ್ಲಿಂದಲೋ ಬರಬೇಕು, ತಿಂಗಳುಗಟ್ಟಲೆ ಆಗುತ್ತದೆ ಅಂದೆ. ಮೇಡಂ ತಮ್ಮ ಬಾಡಿಗೆ ಮನೆ ಬಿಟ್ಟುಕೊಟ್ಟೇ ಹೊರಟಿದ್ದರಂತೆ. "ಮನೆ ಇಲ್ಲೇ ಇದೆಯಲ್ಲಪ್ಪಾ, ಚಕ್ರ ತಿರುಗ್ತಿಲ್ಲ ಅಷ್ಟೆ" ಅಂತ ಅದರೊಳಗೇ ಉಳಿದುಬಿಟ್ಟರು. ಟಯರು ಜೋಡಿಸುವ ಕಂಬಿಯಿಂದ ಕಾಂಪೌಂಡಿನ ಮೊಳೆಗೆ ಹಗ್ಗ ಕಟ್ಟಿ ಸೀರೆ ಒಣಗಿಸುತ್ತಾರೆ. ಬೆಳಿಗ್ಗೆ ಶೆಡ್ಡಿನ ಬೀಗ ತೆಗೆಯುವಾಗ ಗಾಡಿಯ ಕಿಟಕಿಯಿಂದ ತಲೆ ಹಾಕಿ "ಗುಡ್ ಮಾರ್ನಿಂಗ್" ಅನ್ನುತ್ತಾರೆ. ನಾನು ಶಾಲೆಗೆ ತಡವಾಗಿ ಬಂದವನ ಹಾಗೆ ತಲೆ ತಗ್ಗಿಸಿ ಒಳಗೆ ಹೋಗುತ್ತೇನೆ.

ಇಲ್ಲಿ ಯಾರೂ ನಿನ್ನ ವಿಷಯ ಮಾತಾಡುತ್ತಿಲ್ಲ. ನಿನ್ನ ಅತ್ತಿಗೆ ಬೇರೆ ಸೋಪು ತಂದುಕೊಂಡಳು. ಉಂಡು ಹುಷಾರಾಗಿರು.

ಅಣ್ಣ


ಮಾರ್ಚ್ 20

ಅಣ್ಣಾ,

ಯಾರೂ ಮಾತಾಡುತ್ತಿಲ್ಲ ಅಂತ ನೀನು ಬರೆದ ಮೇಲೆ ಎಲ್ಲರೂ ಮಾತಾಡುತ್ತಿದ್ದಾರೆ ಅಂತ ಖಾತ್ರಿಯಾಯಿತು.

ಮರೆಯುತ್ತೇನೆ. ಅದಕ್ಕೆ ಮುಂಚೆ ಒಂದೇ ಒಂದು ಉಪಕಾರ ಮಾಡು. ಪುಲ್ಲಿಯ ಮೇಲೆ ಸೀಮೆಸುಣ್ಣ ಇನ್ನೂ ಇರಬಹುದು. ಯಾವ ಗೀರಿನ ಮೇಲಿದೆ ನೋಡು. ತಪ್ಪು ಗೀರಿನ ಮೇಲಿದ್ದರೆ ನನ್ನ ತಪ್ಪು ಇಂಥದ್ದು ಅಂತ ಗೊತ್ತಾಗುತ್ತದೆ, ಅಲ್ಲಿಗೆ ಮುಗಿಯಿತು. ಈಗ ಹಾಗಲ್ಲ. ಬೀದಿಯಲ್ಲಿ ಯಾವ ಗಾಡಿ ಕೆಮ್ಮಿದರೂ ನಾನೇ ಮುಟ್ಟಿದ್ದೇನೋ ಅನ್ನಿಸುತ್ತದೆ. ಮೊನ್ನೆ ರೂಮಿನಲ್ಲಿರುವ ದರ್ಜಿ ಅಕ್ಕ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡು ಅಂದಳು. ನನಗೆ ಬರಲ್ಲ ಅಕ್ಕ ಅಂದುಬಿಟ್ಟೆ.

ತಂಗಿ


ಏಪ್ರಿಲ್ 9

ಪುಟ್ಟೀ,

ಪುಲ್ಲಿಯನ್ನು ತೊಳೆದಾಯಿತು. ಸುಣ್ಣ ಇರಲಿಲ್ಲ.

ಈ ನಡುವೆ ಕೆಲಸ ಜಾಸ್ತಿ. ಹಳದಿ ಗೆರೆಯ ನಾಲ್ಕು ಗಾಡಿ ವಾಪಸ್ ಬಂದವು. ಎಳೆಯುವುದಿಲ್ಲ, ಏರಿನಲ್ಲಿ ಕಟಕಟ ಅನ್ನುತ್ತದೆ ಅಂತ ದೂರು. ನನಗೇನೂ ಕೇಳಿಸಲಿಲ್ಲ. ಪೆಟ್ರೋಲ್ ಕೆಟ್ಟದ್ದು ಬರುತ್ತಿದೆ ಅಂತ ಹೇಳಿ ಕಳಿಸಿದೆ.

ಮೊನ್ನೆ ಮೇಡಂ ಚಹಾಕ್ಕೆ ಕರೆದರು. ಗಾಡಿಯೊಳಗೆ ಮಡಿಸುವ ಮೇಜಿನ ಎದುರು ಕೂತಿದ್ದೆ. ಅವರು ಹಿಂದೆ ಸೀರೆ ಮಡಿಸುತ್ತಿದ್ದವರು ಓಡಿಬಂದು ನನ್ನ ಮೊಣಕೈ ಪಕ್ಕದ ಒಲೆ ಆರಿಸಿದರು. ಕೆಟಲ್ಲು ಆಗಿನಿಂದ ಸಿಳ್ಳೆ ಹೊಡೆಯುತ್ತಿತ್ತಂತೆ. "ಏನಪ್ಪಾ, ಕಿವಿಯಲ್ಲೇ ಎಂಜಿನ್ ಟ್ಯೂನ್ ಮಾಡ್ತೀನಿ ಅಂತೀಯ, ಇದು ಇಷ್ಟು ಕಿರುಚಿಕೊಂಡ್ರೂ ಕೇಳಿಸ್ಲಿಲ್ವಾ?" ಅಂದರು. ಏನೋ ಯೋಚನೆಯಲ್ಲಿದ್ದೆ ಅಂದೆ. ಅವರು ಕನ್ನಡಕ ಇಳಿಸಿ ನನ್ನನ್ನು ನೋಡಿದರು. ಚಹಾ ಚೆನ್ನಾಗಿತ್ತು.

ಪಿಸ್ಟನ್ ಬಂತು.

ಅಣ್ಣ


ಮೇ 6

ಅಣ್ಣಾ,

ನಿನ್ನ ಪತ್ರ ಓದಿದೆ. ಸುಣ್ಣ ಹೋಗಿದ್ದರೆ ಹೋಗಲಿ. ನನ್ನ ತಪ್ಪು ಯಾವುದು ಅಂತ ತಿಳಿಯದೆಯೇ ಬದುಕಬೇಕು ಅಂತಿದ್ದರೆ ಹಾಗೇ ಆಗಲಿ.

ನಮ್ಮ ಹಾಸ್ಟೆಲಿನ ಎದುರಿಗೆ ಅಗ್ನಿಶಾಮಕ ಠಾಣೆ ಇದೆ. ಬೆಳಿಗ್ಗೆ ಏಳಕ್ಕೆ ಎಲ್ಲ ಗಾಡಿ, ಎಲ್ಲ ಪಂಪು ಶುರು ಮಾಡಿ ನೋಡುತ್ತಾರೆ. ಹಳೇ ಪೆಟ್ರೋಲ್ ಎಂಜಿನ್ನುಗಳು. ಹಲ್ಲುಜ್ಜುತ್ತಾ ಕೇಳುತ್ತೇನೆ. ಮೂರನೆಯದರ ಕಿಡಿ ತಡ, ಐದನೆಯದರ ವ್ಯಾಕ್ಯೂಮ್ ಹೋಸ್ ಸೀಳಿದೆ. ಬೇಡವೆಂದರೂ ಕಿವಿ ಹೇಳುತ್ತದೆ.

ಆ ಠಾಣೆಗೆ ಮೆಕ್ಯಾನಿಕ್ ಬೇಕಂತೆ. ಗೇಟಿನಲ್ಲಿ ಚೀಟಿ ಅಂಟಿಸಿದ್ದಾರೆ. ಜೂನ್ ಹತ್ತಕ್ಕೆ ಪರೀಕ್ಷೆ: ಒಂದು ಎಂಜಿನ್ ಕೊಡುತ್ತಾರೆ, ಸರಿ ಮಾಡಿ ತೋರಿಸಬೇಕು. ದರ್ಜಿ ಅಕ್ಕ ಅರ್ಜಿ ತಂದು ನನ್ನ ದಿಂಬಿನ ಮೇಲಿಟ್ಟಳು. ನಾನು ಅದನ್ನು ಮಡಿಸಿ ಕಿಟಕಿ ಅಲ್ಲಾಡದ ಹಾಗೆ ಸಂದಿಗೆ ತುರುಕಿದ್ದೇನೆ. ಊರು ನೋಡಲು ಹೊರಟವರನ್ನು ದಾರಿಯಲ್ಲಿ ಕೂರಿಸಿದವಳು ಬೆಂಕಿ ಆರಿಸಲು ಹೊರಟವರ ಗಾಡಿ ಮುಟ್ಟುವುದು ಬೇಡ. ಇನ್ನು ಈ ಕೈ ಗುಂಡಿಗೇ ಸರಿ.

ನನ್ನ ಟೈಮಿಂಗ್ ಲೈಟನ್ನು ಯಾರಿಗಾದರೂ ಕೊಟ್ಟುಬಿಡು. ಮೇಲಿನ ಹಲಗೆಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದೆ.

ತಂಗಿ


ಮೇ 15

ಪುಟ್ಟೀ,

ಅರ್ಜಿಯನ್ನು ಕಿಟಕಿಯಿಂದ ತೆಗೆ. ಮೊದಲು ಅದನ್ನು ತೆಗೆ, ಆಮೇಲೆ ಮುಂದೆ ಓದು.

ಸುಣ್ಣ ಇತ್ತು. ಸರಿಯಾದ ಗೀರಿನ ಮೇಲೇ ಇತ್ತು. ನಾನೇ ಒರೆಸಿದೆ.

ನೀನು ಇಟ್ಟಿದ್ದು ಎಂಟೇ. ಇಪ್ಪತ್ತು ಮಾಡಿದವನು ನಾನು. ಆ ಶನಿವಾರ ನೀನಿಲ್ಲದಾಗ ಮೇಡಂ ಬಂದು ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿದರು. ಇಳಿದು ಬಂದು ಎಲ್ಲರಿಗೂ ಕೇಳುವ ಹಾಗೆ "ನಿನ್ನ ತಂಗಿ ಕೈ ಬಹಳ ಚೆನ್ನಾಗಿದೆಯಪ್ಪ, ಇನ್ನು ಮುಂದೆ ಅವಳೇ ನೋಡಲಿ" ಅಂದರು. ವೆಲ್ಡರ್ ನನ್ನ ಮುಖ ನೋಡಿ ನಕ್ಕ. ಅಷ್ಟೇ ಪುಟ್ಟಿ, ಅಷ್ಟಕ್ಕೇ. ನಿನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನು ನಾನು, ನಿನ್ನನ್ನು ಹೊಗಳಿದರೆ ಹೊಟ್ಟೆ ಉರಿಯಿತು.

ಎಲ್ಲರೂ ಹೋದ ಮೇಲೆ ಎಂಜಿನ್ ಶುರು ಮಾಡಿದೆ. ನನ್ನ ಕಿವಿಗೆ ಮಂಕಾಗಿ ಕೇಳಿಸಿತು. ಇದನ್ನು ಚುರುಕು ಮಾಡಿ ತೋರಿಸುತ್ತೇನೆ, ಸೋಮವಾರ ಓಡಿಸುವಾಗ ಮೇಡಂಗೇ ಗೊತ್ತಾಗಲಿ ಅಂದುಕೊಂಡೆ. ಬೋಲ್ಟ್ ಸಡಿಲಿಸಿದೆ. ಹೋಸ್ ತೆಗೆಯಲಿಲ್ಲ, ಲೈಟ್ ಹಿಡಿಯಲಿಲ್ಲ. ಚುರುಕಾಯಿತು ಅನ್ನಿಸುವ ತನಕ ತಿರುಗಿಸಿದೆ. ನನ್ನ ಕಿವಿಗೆ ಸಣ್ಣ ಸದ್ದು ಕೇಳಿಸದೆ ಎಷ್ಟು ಕಾಲವಾಗಿದೆಯೋ ಗೊತ್ತಿಲ್ಲ. ಕೆಟಲ್ಲಿನ ದಿನ ಅದು ಬಾಯಿಬಿಟ್ಟು ಹೇಳಿತು. ಅದಕ್ಕೆ ಮುಂಚೆ ಗೊತ್ತಿರಲಿಲ್ಲ ಅಂತ ಬರೆಯಲು ಹೊರಟಿದ್ದೆ, ಅದೂ ಸುಳ್ಳು. ಅನುಮಾನ ಇತ್ತು. ದೂರು ಬರುತ್ತಿಲ್ಲವಲ್ಲ ಅಂತ ಧೈರ್ಯ ತಂದುಕೊಳ್ಳುತ್ತಿದ್ದೆ.

ತಿರುಗಿಸಿದ ಮೇಲೆ ನೋಡಿದರೆ ನಿನ್ನ ಗೆರೆ ತುಂಡಾಗಿತ್ತು. ನಾನೇ ಮಾಡಿದ ಪದ್ಧತಿಗೆ ನಾನೇ ಸಿಕ್ಕಿಬಿದ್ದೆ. ಹಳದಿ ಎಳೆದರೆ ತಂಗಿಯ ಕೆಲಸಕ್ಕೆ ಅಣ್ಣ ಕೈ ಹಾಕಿದ ಅಂತ ಎಲ್ಲರಿಗೂ ತಿಳಿಯುತ್ತದೆ. ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿ ನಿನ್ನ ಗೆರೆ ಒರೆಸಿದೆ. ನಿನ್ನ ಡಬ್ಬಿ ತೆಗೆದು ಹಸಿರು ಗೆರೆ ಎಳೆದೆ. ನಿನ್ನದು ತೆಳ್ಳಗೆ ನೇರ ಇರುತ್ತದಲ್ಲ, ಅದಕ್ಕಾಗಿ ಉಸಿರು ಬಿಗಿಹಿಡಿದು ಎಳೆದೆ.

ಗಾಡಿ ವಾಪಸ್ ಬಂದ ದಿನ ಹೇಳಬಹುದಿತ್ತು. ಎಲ್ಲರೂ ನೋಡುತ್ತಿದ್ದರು. "ಹಸಿರು ಗೆರೆ ಯಾರದು?" ಅಂದೆ. ಯಾರದು ಅಂತ ನನಗಿಂತ ಚೆನ್ನಾಗಿ ಗೊತ್ತಿದ್ದವರು ಅಲ್ಲಿ ಯಾರಿದ್ದರು! ನೀನು "ನಂದು" ಅಂದಾಗ ನನಗೆ ಹಾಯೆನಿಸಿತು ಪುಟ್ಟಿ. ಅದೊಂದನ್ನು ನೆನೆಸಿಕೊಂಡರೆ ಕನ್ನಡಿ ನೋಡಲಾಗುವುದಿಲ್ಲ.

ಕ್ಷಮಿಸು ಅಂತ ಕೇಳುವುದಿಲ್ಲ. ಎಲ್ಲರ ಎದುರು ಕೇಳಿದ ಪ್ರಶ್ನೆಗೆ ಎಲ್ಲರ ಎದುರೇ ಉತ್ತರ ಕೊಡುತ್ತೇನೆ. ನೀನು ಹತ್ತನೇ ತಾರೀಕು ಪರೀಕ್ಷೆಗೆ ಹೋಗು. ಲೈಟನ್ನು ಯಾರಿಗೂ ಕೊಟ್ಟಿಲ್ಲ.

ಮುಖ ಕಳೆದುಕೊಂಡ
ನಿನ್ನ ಅಣ್ಣ


ಮೇ 24

ಮಗೂ,

ನನ್ನ ಕೈಬರಹ ನೀನು ನೋಡಿಲ್ಲ. ಹಾಗಾಗಿ ಹೇಳಿಬಿಡುತ್ತೇನೆ, ನಾನು ಮನೆಗಾಡಿಯ ಭೂಗೋಳದ ಮೇಡಂ. ನಿನ್ನ ವಿಳಾಸವನ್ನು ನಿನ್ನ ಅತ್ತಿಗೆ ಕೊಟ್ಟರು.

ಕಳೆದ ಶನಿವಾರ ನಿನ್ನ ಅಣ್ಣ ವೆಲ್ಡರ್, ಪೇಂಟರ್, ಲೇತಿನವರು, ಗಾಡಿ ಬಿಡಿಸಿಕೊಳ್ಳಲು ಬಂದ ಮೂರು ಜನ, ನಾನು, ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದ. ಚಹಾ ಕೊಡಿಸುತ್ತಾನೆ ಅಂದುಕೊಂಡೆವು. ನನ್ನ ಗಾಡಿಯ ಬಾನೆಟ್ ಎತ್ತಿ, "ಇಲ್ಲಿದ್ದ ಹಸಿರು ಗೆರೆ ನಂದು. ನನ್ ತಂಗೀದು ಅಲ್ಲ. ಅವಳು ಸರಿಯಾಗೇ ಇಟ್ಟಿದ್ಲು, ನಾನು ಕೆಡಿಸ್ದೆ. ನಂಗೆ ಕಿವಿ ಸರಿಯಾಗಿ ಕೇಳ್ಸಲ್ಲ" ಅಂದ. ವೆಲ್ಡರಿಗೆ ಅರ್ಥವಾಗಲಿಲ್ಲವೋ ಏನೋ, "ಇನ್ನೊಂದ್ಸಲ ಹೇಳಿ" ಅಂದ. ನಿನ್ನ ಅಣ್ಣ ಇನ್ನೊಂದು ಸಲ ಹೇಳಿದ. ಎರಡನೇ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ ಅಂತ ನನಗೆ ಅವತ್ತು ತಿಳಿಯಿತು.

ನನಗೆ ಅವನ ಮೇಲೆ ಸಿಟ್ಟು ಬಂತು. ಎರಡು ದಿನ ಗುಡ್ ಮಾರ್ನಿಂಗ್ ಹೇಳಲಿಲ್ಲ. ಮೂರನೇ ದಿನ ಹೇಳಿದೆ, ನಲವತ್ತು ವರ್ಷದ ಗಾಡಿ ಇಟ್ಟುಕೊಂಡವರಿಗೆ ಮೆಕ್ಯಾನಿಕ್ ಮೇಲೆ ಅಷ್ಟು ದಿನ ಕೋಪ ಮಾಡಿಕೊಳ್ಳಲು ಆಗುವುದಿಲ್ಲ.

ಎಂಜಿನ್ ಜೋಡಿಸಿಯಾಗಿದೆ. ಟೈಮಿಂಗ್ ಇಡುವುದೊಂದು ಬಾಕಿ. ಅದನ್ನು ಅವನು ಮುಟ್ಟುವುದಿಲ್ಲವಂತೆ, ತಂಗಿ ಬಂದು ಇಡಲಿ ಅನ್ನುತ್ತಾನೆ. ನೀನು ಬರಬೇಕು ಅಂತ ನಾನು ಹೇಳುವುದಿಲ್ಲ. ನಾನು ಕಾಯಬಲ್ಲೆ. ಸೀರೆ ಚೆನ್ನಾಗಿ ಒಣಗುವ ಜಾಗ ಇದು.

ಪ್ರೀತಿಯಿಂದ
ಮೇಡಂ


ಜೂನ್ 29

ಅಣ್ಣಾ,

ನಿನ್ನ ಪತ್ರ ಬಂದು ಆರು ವಾರವಾಯಿತು. ಸಿಟ್ಟಿನಿಂದ ಬರೆದಿಲ್ಲ ಅಂದುಕೊಂಡಿರುತ್ತೀಯ. ಸಿಟ್ಟು ಬಂದಿತ್ತು. ಮೊದಲ ವಾರ ನಿನ್ನನ್ನು ಬೈದುಕೊಳ್ಳುತ್ತಾ ರಟ್ಟಿಗೆ ಹದಿಮೂರು ಗುಂಡಿ ಹೊಲಿದೆ. ಮೇಡಂ ಪತ್ರ ಓದಿದ ದಿನ ಅತ್ತೆ. ಆಮೇಲೆ ಅರ್ಜಿ ತೆಗೆದೆ. ಅದರ ಮಡಿಕೆಗಳನ್ನು ದರ್ಜಿ ಅಕ್ಕ ಇಸ್ತ್ರಿ ಪೆಟ್ಟಿಗೆ ಇಟ್ಟು ನೇರ ಮಾಡಿದಳು.

ಪರೀಕ್ಷೆಗೆ ಮೂರನೇ ಗಾಡಿಯನ್ನೇ ಕೊಟ್ಟರು. ಕಿಡಿ ತಡ ಅಂತ ಮುಟ್ಟುವ ಮುಂಚೆಯೇ ಹೇಳಿದೆ. ಕೆಲಸ ಸಿಕ್ಕಿತು. ಒಂದನೇ ತಾರೀಕಿನಿಂದ ಹೋಗಬೇಕು.

ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಕಾರಣ ಬೇರೆ. ನೀನು ಹೇಳಬೇಕಾದ್ದನ್ನು ಎರಡೆರಡು ಸಲ ಹೇಳಿದೆ. ನಾನು ಹೇಳಬೇಕಾದ್ದು ಹಾಗೇ ಉಳಿದಿದೆ.

ನಿನಗೆ ಸಣ್ಣ ಸದ್ದು ಕೇಳಿಸುವುದಿಲ್ಲ ಅಂತ ನನಗೆ ಎರಡು ವರ್ಷದಿಂದ ಗೊತ್ತು. ಹಾಲಿನ ವ್ಯಾನಿನ ಬೆಲ್ಟ್ ಕೀರಲಿಡುತ್ತಿತ್ತು, ನೀನು ಅದರ ಮೇಲೇ ಬಗ್ಗಿ ನಿಂತು "ಯಾವ ಸದ್ದು?" ಅಂದೆ. ಅವತ್ತು ಗೊತ್ತಾಯಿತು. ಅವತ್ತೇ ನೀನು ಊಟಕ್ಕೆ ಹೋದಾಗ, ನೀನು ಕಿವಿಯಲ್ಲಿ ಇಟ್ಟಿದ್ದ ಟೈಮಿಂಗನ್ನು ಲೈಟ್ ಹಿಡಿದು ನೋಡಿದೆ. ತಪ್ಪಿತ್ತು. ಸರಿ ಮಾಡಿದೆ. ಗೆರೆ ತುಂಡಾಯಿತು. ಒರೆಸಿ, ನಿನ್ನ ಡಬ್ಬಿಯಿಂದ ಹಳದಿ ಗೆರೆ ಎಳೆದೆ.

ಅಲ್ಲಿಂದ ಎರಡು ವರ್ಷ, ನೀನು ಇಟ್ಟ ಒಂದೊಂದು ಗಾಡಿಯನ್ನೂ ಹೀಗೇ ನೋಡಿದೆ. ನಿನ್ನ ಗೆರೆ ಕೊನೆಗೆ ಸ್ವಲ್ಪ ಬಾಗುತ್ತದೆ, ಅದನ್ನೂ ಕಲಿತುಕೊಂಡೆ. ಹಳದಿ ಗೆರೆಯ ಗಾಡಿ ಒಂದೂ ವಾಪಸ್ ಬಂದಿಲ್ಲ ಅಂತ ನೀನು ಎದೆ ಉಬ್ಬಿಸಿ ಹೇಳುವಾಗ ನಾನು ಬೆನ್ನು ತಿರುಗಿಸಿ ಸ್ಪ್ಯಾನರ್ ಒರೆಸುತ್ತಿದ್ದೆ. ಹೇಳಿದರೆ ನಿನ್ನ ಮುಖ ಹೇಗಾಗುತ್ತದೋ ಅಂತ ಹೆದರಿದೆ. ಅಣ್ಣನ ಮರ್ಯಾದೆ ಕಾಪಾಡುತ್ತಿದ್ದೇನೆ ಅಂದುಕೊಂಡೆ. ಒಳಗೊಳಗೇ ಸ್ವಲ್ಪ ಜಂಬವೂ ಇತ್ತು, ಅದನ್ನೂ ಬರೆದುಬಿಡುತ್ತೇನೆ. ಮೊದಲ ದಿನವೇ ಹೇಳಿದ್ದರೆ ನಿನ್ನ ಕಿವಿಯನ್ನು ನೀನು ನಂಬುತ್ತಿರಲಿಲ್ಲ, ಆ ಶನಿವಾರ ಬೋಲ್ಟ್ ಸಡಿಲಿಸುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೇಡಂ ಹೊರಡುವ ಮುಂಚೆ ನಾನು ಬಾನೆಟ್ ಎತ್ತಿದ್ದೆ. ಲೈಟ್ ಕೈಯಲ್ಲೇ ಇತ್ತು. ಹಳದಿ ಗೆರೆ ಕಂಡಿದ್ದರೆ ಲೈಟ್ ಹಿಡಿದು ನೋಡದೆ ಬಿಡುತ್ತಿರಲಿಲ್ಲ. ಹಸಿರು ಕಂಡಿತು. ನನ್ನದೇ ಅಲ್ಲವಾ ಅಂತ ಮುಚ್ಚಿಬಿಟ್ಟೆ.

ಮನೆಗಾಡಿಗೆ ಟೈಮಿಂಗ್ ಇಡಲು ನಾನು ಬರುವುದಿಲ್ಲ. ಬಂದರೆ ಮತ್ತೆ ಅದೇ ಕಥೆ. ನೀನೇ ಇಡು. ಲೈಟ್ ಮೇಲಿನ ಹಲಗೆಯಲ್ಲಿದೆ. ಎಂಜಿನ್ ಬಿಸಿಯಾಗಲಿ, ಅವಸರ ಮಾಡಬೇಡ. ಹೋಸ್ ಕಿತ್ತು ಬಾಯಿ ಮುಚ್ಚು. ಅದಕ್ಕೆ ನನ್ನ ಕೆಂಪು ಪೆನ್ಸಿಲ್ ತುಂಡು ಕಳಿಸಿದ್ದೇನೆ, ಇಷ್ಟು ದಿನ ಜೇಬಿನಲ್ಲೇ ಇತ್ತು. ಜೊತೆಗಿರುವ ಸೋಪು ಅತ್ತಿಗೆಗೆ. ಗೀರು ಎಂಟಕ್ಕೆ ಬಂದು ನಿಲ್ಲುವುದು ಕಣ್ಣಿಗೆ ಕಾಣುತ್ತದೆ, ಕಿವಿಯ ಮಾತು ಕೇಳಬೇಡ. ಬೋಲ್ಟ್ ಬಿಗಿ ಮಾಡಿ ಹಳದಿ ಗೆರೆ ಎಳಿ.

ಈ ಎರಡು ವರ್ಷದಲ್ಲಿ ಮೊದಲ ಸಲ ಅದು ನಿಜವಾಗಿ ನಿನ್ನ ಗೆರೆಯಾಗಿರುತ್ತದೆ.

ತಂಗಿ